ಬೆಟ್ಟದೂರಿನ ವೈನ್: ಊರ ಹೆಸರನ್ನು ಕಾಯುವ ಸಣ್ಣ ಬೆಳೆಗಾರರು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಮೊಂಟೆಪುಲ್ಚಾನೊ ಅಂತ ಒಂದು ಹಳೆಯ ಊರು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಗುಡ್ಡದ ನೆತ್ತಿಯ ಉದ್ದಕ್ಕೂ ಕಲ್ಲಿನ ಮನೆಗಳು. ಸುತ್ತಲಿನ ಇಳಿಜಾರಿನಲ್ಲಿ ದ್ರಾಕ್ಷಿ, ಆಲಿವ್, ಗೋಧಿ. ಈ ಊರಿನ ಕೆಂಪು ವೈನಿಗೆ 'ವೀನೊ ನೋಬಿಲೆ ದಿ ಮೊಂಟೆಪುಲ್ಚಾನೊ' ಎಂದು ಹೆಸರು. ಅಂದರೆ ಮೊಂಟೆಪುಲ್ಚಾನೊದ ಕುಲೀನ ವೈನ್. ಊರಿನ ಹೆಸರೇ ಸರಕಿನ ಹೆಸರು, ಆ ಹೆಸರೇ ಅದರ ಬೆಲೆ.

2023ರ ಸೆಪ್ಟೆಂಬರ್ ಕೊನೆಯ ವಾರ ನಾವು ನಾಲ್ವರು ಅಲ್ಲಿ ಐದು ದಿನ ಇದ್ದೆವು. ನಾನು ಮತ್ತು ನನ್ನ ಭಾವ ಅಡಿಕೆ-ಕಾಳುಮೆಣಸಿನವರು. ಮೂರನೆಯವರು ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರ. ನಾಲ್ಕನೆಯವರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ಲೆಕ್ಕ ಅವರದ್ದು. ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ಮಗ ಬಂದು ಕಾರು ಓಡಿಸಿದ, ಮಾತು ತಿಳಿಸಿ ಹೇಳಿದ. ನಮ್ಮಲ್ಲಿ ಇಬ್ಬರು ಕುಡಿಯುವವರಲ್ಲ. ಆದರೂ ಆರು ವೈನ್‌ಮನೆ ನೋಡಿದೆವು. ಕುಡಿಯುವ ವಿಚಾರ ಬದಿಗಿಟ್ಟು ಕೃಷಿಕನ ಕಣ್ಣಿಗೆ ಕಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಎಕರೆಗೆ ಮೂರೇ ಟನ್!

ಮೊದಲ ತೋಟಕ್ಕೆ ಕಾಲಿಟ್ಟಾಗಲೇ ವಿಜಯಪುರದ ಗೆಳೆಯರಿಗೆ ಆಶ್ಚರ್ಯ. ಚಪ್ಪರ ಇಲ್ಲ. ಸಾಲಾಗಿ ಕಂಬ, ತಂತಿ. ಗೊಂಚಲುಗಳು ಮೊಣಕಾಲಿಗೂ ಸೊಂಟಕ್ಕೂ ನಡುವೆ. ಕಾಯಿ ಸಣ್ಣದು, ಬೀಜ ಇದೆ, ಸಿಪ್ಪೆ ದಪ್ಪ. ತಳಿ ಸಾಂಜೊವೇಸೆ. ಈ ಊರಲ್ಲಿ ಅದಕ್ಕೆ 'ಪ್ರುನ್ಯೋಲೊ ಜೆಂತೀಲೆ' ಅಂತ ಹೆಸರು. ಕುಲೀನ ವೈನಿನಲ್ಲಿ ಕನಿಷ್ಠ 70 ಶೇಕಡಾ ಇದೇ ತಳಿ ಇರಬೇಕು.

ನಮ್ಮ ಬಯಲುಸೀಮೆಯಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟನಿ: ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಆಗ ಒಂದೇ ಚಾಟನಿ. ಮಾರ್ಚ್ ಕೊನೆ-ಏಪ್ರಿಲ್‌ನಲ್ಲಿ ಚಿಗುರು, ಜೂನ್ ಹೊತ್ತಿಗೆ ಹೂ, ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಆದಿಯಲ್ಲಿ ಕೊಯ್ಲು. ಮಳೆ ವರ್ಷಕ್ಕೆ 700-750 ಮಿಲ್ಲಿಮೀಟರ್. ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಜಾಗ ಅದು. ಜೇಡಿ ಮತ್ತು ಮರಳು ಬೆರೆತ ಮಣ್ಣಿನಲ್ಲಿ ಚಿಪ್ಪಿನ ಚೂರು ಸಿಗುತ್ತದೆ. ಬಳ್ಳಿಗೆ ನಿತ್ಯ ನೀರು ಕೊಡುವ ಕ್ರಮ ಇಲ್ಲ. ತೀರಾ ಬರ ಬಿದ್ದಾಗ ಬಳ್ಳಿ ಉಳಿಸಿಕೊಳ್ಳುವಷ್ಟಕ್ಕೆ ಮಾತ್ರ ಅವಕಾಶ.

ಇಳುವರಿ ಎಷ್ಟು ಅಂತ ಕೇಳಿದೆವು. "ಹೆಕ್ಟೇರಿಗೆ ಎಂಟು ಟನ್‌ಗಿಂತ ಹೆಚ್ಚು ಬೆಳೆಯುವ ಹಾಗಿಲ್ಲ" ಎಂಬ ಉತ್ತರ ಬಂತು. ಬೆಳೆಯಲಿಕ್ಕೆ ಆಗುವುದಿಲ್ಲ ಅಂತಲ್ಲ, ಹಾಗಿಲ್ಲ ಅಂತ! ಎಕರೆ ಲೆಕ್ಕದಲ್ಲಿ ಇದು ಮೂರು ಟನ್ ಚಿಲ್ಲರೆ. "ನಾವು ಹತ್ತು ಟನ್ ತೆಗೆಯೂದಿಲ್ಲೇನ್ರೀ?" ಅಂದರು ನಮ್ಮ ಗೆಳೆಯರು. ಗೊಂಚಲು ಜಾಸ್ತಿ ಬಿಟ್ಟರೆ ಬೇಸಿಗೆಯಲ್ಲಿ ಎಳೆಯದರಲ್ಲೇ ಕತ್ತರಿಸಿ ನೆಲಕ್ಕೆ ಬೀಳಿಸುತ್ತಾರೆ. ಉಳಿದ ಗೊಂಚಲಿಗೆ ಸಕ್ಕರೆ, ಬಣ್ಣ, ಪರಿಮಳ ಚೆನ್ನಾಗಿ ತುಂಬಲಿ ಅಂತ.

ಬ್ಯಾಂಕಿನವರು ಅಲ್ಲೇ ಲೆಕ್ಕ ಹಾಕಿದರು. ನಿಯಮ ಪ್ರಕಾರ ನೂರು ಕಿಲೋ ಹಣ್ಣಿನಿಂದ 70 ಲೀಟರಿಗಿಂತ ಹೆಚ್ಚು ವೈನನ್ನು ಈ ಹೆಸರಲ್ಲಿ ಮಾರುವ ಹಾಗಿಲ್ಲ. ಹಾಗಾಗಿ ಎಕರೆಗೆ ಸುಮಾರು 2,260 ಲೀಟರ್. ಮುಕ್ಕಾಲು ಲೀಟರಿನ ಬಾಟಲಿಯಲ್ಲಿ ಸುಮಾರು 3,000. ನಾವು ನೋಡಿದ ಕಡೆಗಳಲ್ಲಿ ಬಾಟಲಿಗೆ 15ರಿಂದ 25 ಯೂರೋ ಇತ್ತು. ಕೇಳಲು ದೊಡ್ಡ ಮೊತ್ತ. ಆದರೆ ಅದು ಕೈಗೆ ಬರುವುದು ಯಾವಾಗ ಅನ್ನುವುದು ಮುಂದಿನ ಪ್ರಶ್ನೆ.

ಹಣ್ಣಿನಿಂದ ಬಾಟಲಿಗೆ

ಕೊಯ್ದ ಹಣ್ಣು ಅದೇ ದಿನ ವೈನ್‌ಮನೆಗೆ. ಯಂತ್ರ ತೊಟ್ಟು ಬೇರ್ಪಡಿಸುತ್ತದೆ, ಹಣ್ಣು ಒಡೆಯುತ್ತದೆ. ಸಿಪ್ಪೆ, ಬೀಜ, ರಸ ಒಟ್ಟಿಗೇ ದೊಡ್ಡ ತೊಟ್ಟಿಗೆ. ಕೆಂಪು ಬಣ್ಣ ಇರುವುದು ಸಿಪ್ಪೆಯಲ್ಲಿ; ರಸ ಬರೇ ಬಿಳಿಚು. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಒಂದು ಶೇಕಡಾ ಮದ್ಯಸಾರ. ಹುಳಿ ಬರುವಾಗ ತೊಟ್ಟಿ ಬಿಸಿಯೇರುತ್ತದೆ. 30 ಡಿಗ್ರಿ ದಾಟಿ ಏರುತ್ತಾ ಹೋಗದಂತೆ ತಣ್ಣೀರು ಹರಿಸಿ ಕಾಯುತ್ತಾರೆ. ಸಿಪ್ಪೆ ಮೇಲಕ್ಕೆ ತೇಲಿ ಗಟ್ಟಿ ಕಟ್ಟುತ್ತದೆ. ಅಡಿಯ ರಸವನ್ನು ಪಂಪಿನಲ್ಲಿ ಎತ್ತಿ ಅದರ ಮೇಲೆ ಸುರಿಯುತ್ತಾರೆ. ಎರಡು-ಮೂರು ವಾರದ ನಂತರ ಸೋಸಿ, ಸಿಪ್ಪೆಯನ್ನು ಹಿಂಡುತ್ತಾರೆ. ಹಿಂಡಿಯೂ ವ್ಯರ್ಥವಲ್ಲ. 'ಗ್ರಾಪ್ಪ' ಎಂಬ ಸಾರಾಯಿ ಬಟ್ಟಿ ಇಳಿಸುವವರಿಗೆ ಅದು ಹೋಗುತ್ತದೆ.

ಮುಂದಿನ ಹಂತ ಓಕ್ ಮರದ ಪೀಪಾಯಿ. ನಾವು ನೋಡಿದ್ದರಲ್ಲಿ 225 ಲೀಟರಿನ ಚಿಕ್ಕದೂ ಇತ್ತು, ಹಲವು ಸಾವಿರ ಲೀಟರ್ ಹಿಡಿಯುವ, ಏಣಿ ಹಾಕಿ ಹತ್ತುವಷ್ಟು ದೊಡ್ಡದೂ ಇತ್ತು. ಹಳೆ ಊರಿನ ಮನೆಗಳ ಅಡಿಯಲ್ಲೇ ಗುಡ್ಡ ಕೊರೆದ ನೆಲಮಾಳಿಗೆಗಳಿವೆ. ಮೇಲೆ ಬೀದಿ, ಅಂಗಡಿ. ಮೂರು ಮಾಳಿಗೆ ಕೆಳಗಿಳಿದರೆ ಪೀಪಾಯಿಗಳ ಸಾಲು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಮೈ ಚಳಿ. ಕರೆಂಟು ಖರ್ಚಿಲ್ಲದ ಶೀತಗೃಹ.

ಇದಕ್ಕೆ ತದ್ವಿರುದ್ಧ ಇನ್ನೊಂದು ವೈನ್, 'ವಿನ್ ಸಾಂತೊ'. ಬಿಳಿ ದ್ರಾಕ್ಷಿಯನ್ನು ತಟ್ಟಿಯ ಮೇಲೆ ಹರಡಿಯೋ ತೂಗುಹಾಕಿಯೋ ತಿಂಗಳುಗಟ್ಟಲೆ ಒಣಗಿಸಿ, ಹಿಂಡಿ, ಪುಟ್ಟ ಪೀಪಾಯಿಯಲ್ಲಿ ಮುಚ್ಚಿಡುತ್ತಾರೆ. ಇಡುವುದು ನೆಲಮಾಳಿಗೆಯಲ್ಲಿ ಅಲ್ಲ, ಅಟ್ಟದ ಮೇಲೆ. ಬೇಸಿಗೆಯ ಸೆಕೆ, ಚಳಿಗಾಲದ ಥಂಡಿ ಎರಡನ್ನೂ ಉಂಡು ಅದು ವರ್ಷಗಟ್ಟಲೆ ಮಾಗಬೇಕು. "ಇದು ನಮ್ಮ ಒಣದ್ರಾಕ್ಷಿಯ ಮದ್ಯ" ಎಂದರು ವಿಜಯಪುರದವರು.

ಹೆಸರಿಗೆ ಬೇಲಿ

ಇಟಲಿಯಲ್ಲಿ ವೈನಿನ ಹೆಸರುಗಳಿಗೆ ಕಾನೂನಿನ ದರ್ಜೆಗಳಿವೆ. ಮೊಂಟೆಪುಲ್ಚಾನೊ ಬೆಳೆಗಾರರು 1965ರಲ್ಲಿ ಒಕ್ಕೂಟ ಕಟ್ಟಿಕೊಂಡರು. 1966ರಲ್ಲಿ 'ನಿಯಂತ್ರಿತ ಮೂಲದ ಹೆಸರು' ಎಂಬ ದರ್ಜೆ ಸಿಕ್ಕಿತು. 1980ರಲ್ಲಿ ಅದಕ್ಕಿಂತ ಮೇಲಿನ, 'ನಿಯಂತ್ರಿತ ಹಾಗೂ ಖಾತ್ರಿ ಪಡಿಸಿದ' ದರ್ಜೆ. ಅದನ್ನು ಮೊತ್ತಮೊದಲು ಪಡೆದ ಬೆರಳೆಣಿಕೆಯ ವೈನ್‌ಗಳಲ್ಲಿ ಇದೂ ಒಂದು.

ಖಾತ್ರಿ ಅಂದರೆ ಬಾಯಿಮಾತಿನದ್ದಲ್ಲ. ಹಣ್ಣು ಆ ಊರಿನ ಗಡಿಯೊಳಗೆ, ಗೊತ್ತುಪಡಿಸಿದ ಎತ್ತರದಲ್ಲಿ ಬೆಳೆದದ್ದಾಗಿರಬೇಕು. ತೋಟ ದಾಖಲೆಯಲ್ಲಿರಬೇಕು. ವೈನನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು, ಪರಿಣತರ ತಂಡ ರುಚಿ ನೋಡಿ ಒಪ್ಪಬೇಕು. ಆಮೇಲೆ ಎಷ್ಟು ಬಾಟಲಿಗೆ ಅರ್ಹವೋ ಅಷ್ಟಕ್ಕೇ ಕ್ರಮಸಂಖ್ಯೆ ಇರುವ ಕಾಗದದ ಪಟ್ಟಿ ಸಿಗುತ್ತದೆ. ಇದನ್ನು ಮುದ್ರಿಸುವುದು ಸರಕಾರದ ಟಂಕಸಾಲೆ, ನೋಟಿನ ಹಾಗೆ. ಬಾಟಲಿಯ ಕುತ್ತಿಗೆ ಮೇಲೆ ಆ ಪಟ್ಟಿ ಇಲ್ಲದಿದ್ದರೆ ಅದು ಆ ವೈನ್ ಅಲ್ಲ.

ಕಾಯುವ ಅವಧಿಯೂ ಕಡ್ಡಾಯ. ಕೊಯ್ಲಿನ ನಂತರದ ಜನವರಿ ಒಂದರಿಂದ ಎರಡು ವರ್ಷ ಮಾಗಿಸಬೇಕು. 'ರಿಸೇರ್ವ' ಅಂತ ಬರೆಯಬೇಕಿದ್ದರೆ ಮೂರು. ನಾವು ಹೋದಾಗ ಕೊಯ್ಯುತ್ತಿದ್ದ 2023ರ ಹಣ್ಣಿನ ದುಡ್ಡು ಕಾಣುವುದು 2026ಕ್ಕೆ! ಅಲ್ಲಿವರೆಗೆ ಆಳಿನ ಸಂಬಳ, ಪೀಪಾಯಿ, ಬ್ಯಾಂಕ್ ಬಡ್ಡಿ ಕೊಡುವವರು ಯಾರು? ಇದಕ್ಕೊಂದು ದಾರಿ ಮಾಡಿದ್ದಾರೆ. 'ರೊಸ್ಸೊ ದಿ ಮೊಂಟೆಪುಲ್ಚಾನೊ' ಎಂಬ ಎರಡನೇ ಹೆಸರಿಗೆ 1988ರಲ್ಲಿ ಮಾನ್ಯತೆ ಸಿಕ್ಕಿದೆ. ಅದೇ ಊರಿನ ಹಣ್ಣು, ಕಡಿಮೆ ಮಾಗಿಸಿದ್ದು, ಬೆಲೆ ಕಡಿಮೆ. ಮರುವರ್ಷವೇ ಮಾರಿ ಕೈಗೆ ಕಾಸು ಮಾಡಿಕೊಳ್ಳಬಹುದು.

ಇಷ್ಟೊಂದು ಬಿಗಿ ಯಾಕೆ? ಇಟಲಿಯವರು 1986ನ್ನು ಮರೆತಿಲ್ಲ. ಆ ವರ್ಷ ಉತ್ತರ ಇಟಲಿಯಲ್ಲಿ ಕೆಲವರು ಅಗ್ಗದ ವೈನಿಗೆ ಮೆಥನಾಲ್ ಬೆರೆಸಿದರು. 20ಕ್ಕೂ ಹೆಚ್ಚು ಜನ ಸತ್ತರು, ಹಲವರಿಗೆ ಕಣ್ಣು ಹೋಯಿತು. ಕಲಬೆರಕೆ ಮಾಡಿದವರು ಕೆಲವೇ ಮಂದಿ. ಆದರೆ ಹೊರದೇಶಗಳಲ್ಲಿ ಬಿದ್ದುಹೋದದ್ದು ಇಡೀ ಇಟಲಿಯ ವೈನಿನ ಮಾರುಕಟ್ಟೆ. ಹೆಸರು ಕೆಡಿಸಲು ನಾಲ್ಕು ಜನ ಸಾಕು, ಪೆಟ್ಟು ಎಲ್ಲರಿಗೂ. ಅಡಿಕೆ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಗೊಂದಲ ಬೇರೆ ಇದೆ. ಅಬ್ರುಟ್ಸೊ ಪ್ರಾಂತ್ಯದಲ್ಲಿ 'ಮೊಂಟೆಪುಲ್ಚಾನೊ' ಎಂಬ ದ್ರಾಕ್ಷಿ ತಳಿಯೇ ಇದೆ. ಅದರ ವೈನಿಗೂ ಈ ಊರಿಗೂ ಸಂಬಂಧ ಇಲ್ಲ. ಗಿರಾಕಿ ಮೋಸ ಹೋಗದಿರಲಿ ಎಂದು ಈ ಊರಿನವರು ಈಗ ಲೇಬಲ್ಲಿನಲ್ಲಿ 'ಟಸ್ಕನಿ' ಅಂತ ಸೇರಿಸುತ್ತಾರೆ.

ನಮ್ಮಲ್ಲಿಯೂ ಭೌಗೋಳಿಕ ಗುರುತಿನ ಕಾಯಿದೆ 1999ರಲ್ಲಿ ಆಗಿದೆ. ಶಿರಸಿ ಸುಪಾರಿ, ಮಟ್ಟುಗುಳ್ಳ, ಅಪ್ಪೆಮಿಡಿ ಎಲ್ಲ ನೋಂದಣಿಯಾಗಿವೆ. ಸರ್ಟಿಫಿಕೇಟು ಗೋಡೆಯಲ್ಲಿದೆ, ಸರಿ. ಆದರೆ ಅಂಗಡಿಯಲ್ಲಿ ಕೊಳ್ಳುವವನಿಗೆ ಚೀಲದ ಮೇಲೆ ಏನು ಕಾಣುತ್ತದೆ? ಅದನ್ನು ತಪಾಸಣೆ ಮಾಡುವವರು ಯಾರು? ಮೊಂಟೆಪುಲ್ಚಾನೊದಲ್ಲಿ ಈ ಎರಡು ಪ್ರಶ್ನೆಗೆ ಉತ್ತರ ಬಾಟಲಿಯ ಕುತ್ತಿಗೆಯಲ್ಲೇ ಇದೆ.

ಬೋರ್ಡೋ ಅವರದ್ದೂ ಹೌದು

ಎರಡನೇ ದಿನ ಹೋದ ತೋಟ ಹತ್ತು ಎಕರೆಯದ್ದು, ಗಂಡ-ಹೆಂಡತಿ ನಡೆಸುವುದು. ಎಲೆಯ ಮೇಲೆ ನೀಲಿ ಕಲೆ ಕಂಡ ಕೂಡಲೇ ಭಾವ, "ಮಾರಾಯ್ರೆ, ಇದು ನಮ್ಮ ಮೈಲುತುತ್ತು!" ಎಂದರು. ಹೌದು, ಅದೇ. ದ್ರಾಕ್ಷಿಯ ಕೇದಗೆ ರೋಗಕ್ಕೆ ಮದ್ದು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಸುಣ್ಣ-ಮೈಲುತುತ್ತು ಎರಚುತ್ತಿದ್ದರು. ಆ ಬಳ್ಳಿಗೆ ರೋಗ ಬಾರದ್ದನ್ನು ಮಿಲ್ಲಾರ್ದೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ಕಾಲು ಶತಮಾನದೊಳಗೆ, 1910ರ ಸುಮಾರಿಗೆ, ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ದ್ರಾಕ್ಷಿ ತೋಟದ ಮದ್ದೇ ನಮ್ಮ ಅಡಿಕೆ ಉಳಿಸಿದ್ದು.

2023 ಅವರಿಗೆ ಕೆಟ್ಟ ವರ್ಷ. ಮೇ-ಜೂನ್‌ನಲ್ಲಿ ಬಿಡದೆ ಮಳೆ. ಮದ್ದು ಬಿಟ್ಟ ಮರುದಿನವೇ ತೊಳೆದುಹೋಗುವುದು, ತೋಟಕ್ಕೆ ಟ್ರ್ಯಾಕ್ಟರ್ ಇಳಿಸಲಾಗದಷ್ಟು ಕೆಸರು. ಸಾಮಾನ್ಯವಾಗಿ ಎಂಟು-ಹತ್ತು ಸಲ ಮದ್ದು ಬಿಡುವವರು ಈ ಸಲ ಹದಿನೈದು ದಾಟಿದ್ದರು. ಆದರೂ ಅರ್ಧ ಬೆಳೆ ಹೋಗಿತ್ತು. ಇಡೀ ಇಟಲಿಯ ಆ ವರ್ಷದ ವೈನ್ ಉತ್ಪಾದನೆ 2022ಕ್ಕಿಂತ ಸುಮಾರು 23 ಶೇಕಡಾ ಕುಸಿಯಿತು. ಆಷಾಢದ ಮಳೆಯಲ್ಲಿ ಎರಡನೇ ಮದ್ದಿಗೆ ಹೊಳವು ಕಾಯುವ ಸಂಕಟ ನಮಗೆ ಗೊತ್ತಿದ್ದದ್ದೇ. ಮಾತು ತಿಳಿಯದಿದ್ದರೂ ಆ ಗೃಹಿಣಿಯ ಮುಖ ನೋಡಿದಾಗ ನಮಗೆ ಅರ್ಥವಾಯಿತು.

ಒಂದು ವಿಷಯ ಮಾತ್ರ ನಾವು ಲೆಕ್ಕ ಇಡಬೇಕಾದದ್ದು. ಯೂರೋಪಿನಲ್ಲಿ ಈಗ ತಾಮ್ರಕ್ಕೆ ಮಿತಿ ಇದೆ. ಏಳು ವರ್ಷದಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರ, ಅಂದರೆ ಸರಾಸರಿ ವರ್ಷಕ್ಕೆ ನಾಲ್ಕು ಕಿಲೋ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ಸೇರುತ್ತಾ ಹೋಗುತ್ತದೆ. ಹೆಚ್ಚಾದರೆ ಎರೆಹುಳಕ್ಕೂ ಸೂಕ್ಷ್ಮಜೀವಿಗಳಿಗೂ ಕೆಡುಕು. ಮೈಲುತುತ್ತಿನಲ್ಲಿ ತಾಮ್ರ ಕಾಲು ಭಾಗ. ಹಾಗಾಗಿ ಎಕರೆಗೆ ವರ್ಷಕ್ಕೆ ಮೈಲುತುತ್ತು ಆರು ಕಿಲೋ ಚಿಲ್ಲರೆ. ಒಂದು ಶೇಕಡಾ ಬೋರ್ಡೋ ಲೆಕ್ಕದಲ್ಲಿ ಸುಮಾರು 640 ಲೀಟರ್. ನಿಮ್ಮ ತೋಟಕ್ಕೆ ವರ್ಷಕ್ಕೆ ಎಷ್ಟು ಡ್ರಮ್ ಹೋಗುತ್ತದೆ, ಒಮ್ಮೆ ಲೆಕ್ಕ ಹಾಕಿ ನೋಡಿ.

ಕಾಡುಹಂದಿ ಕಾಟ ಅಲ್ಲೂ ಇದೆ. ಹಣ್ಣು ಸಿಹಿಯಾದ ರಾತ್ರಿಯೇ ಹಾಜರ್. ಸುತ್ತ ಐಬೆಕ್ಸ್ ಮಾದರಿಯ ತಂತಿ ಬೇಲಿ. ಆಳಿನ ಕೊರತೆಯೂ ನಮ್ಮ ಹಾಗೇ. ಆ ದಿನ ಹಣ್ಣು ಕೊಯ್ಯುತ್ತಿದ್ದ ಆರು ಜನರಲ್ಲಿ ಇಟಲಿಯವನು ಒಬ್ಬ. ಇನ್ನೊಬ್ಬ ಪಂಜಾಬಿನವ, ಹಿಂದಿಯಲ್ಲಿ ಮಾತಾಡಿಸಿದ್ದಕ್ಕೆ ಬುಟ್ಟಿ ಕೆಳಗಿಟ್ಟು ನಕ್ಕ.

ಅರ್ಧ ಪಾಲಿನಿಂದ ಸಹಕಾರಿಗೆ

ಈ ಸಣ್ಣ ಬೆಳೆಗಾರರ ಹಿರಿಯರಲ್ಲಿ ಹಲವರು ಗೇಣಿದಾರರು. ಟಸ್ಕನಿಯಲ್ಲಿ ಶತಮಾನಗಳ ಕಾಲ 'ಮೆಡ್ಜಾದ್ರಿಯ' ಎಂಬ ಪದ್ಧತಿ ಇತ್ತು. ಜಮೀನು, ಮನೆ ಧಣಿಯದ್ದು, ದುಡಿಮೆ ಒಕ್ಕಲು ಕುಟುಂಬದ್ದು, ಬೆಳೆ ಅರ್ಧರ್ಧ. ಎರಡನೇ ಮಹಾಯುದ್ಧದ ನಂತರ ಒಕ್ಕಲುಗಳು ಕಾರ್ಖಾನೆ ಕೆಲಸಕ್ಕೆ ಪೇಟೆಗೆ ಹೋದರು. 1964ರಲ್ಲಿ ಹೊಸ ಅರ್ಧಪಾಲು ಒಪ್ಪಂದಗಳನ್ನು ಕಾನೂನು ನಿಷೇಧಿಸಿತು. ಗುಡ್ಡದ ಮೇಲಿನ ಕಲ್ಲಿನ ಮನೆಗಳು ಖಾಲಿ ಬಿದ್ದವು.

ಉಳಿದವರನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಸಹಕಾರಿಯ ಪಾಲು ದೊಡ್ಡದು. ಇಲ್ಲಿನ 'ವೆಕ್ಯ ಕಾಂತೀನ' 1937ರಲ್ಲಿ ಶುರುವಾದದ್ದು. ಈಗ ಸುಮಾರು 400 ಸದಸ್ಯರು. ಒಂದೆರಡು ಎಕರೆ ಇರುವವನಿಗೆ ತೊಟ್ಟಿ, ಪೀಪಾಯಿ, ಪ್ರಯೋಗಾಲಯ, ಲೇಬಲ್ ಎಲ್ಲ ಸ್ವಂತ ಮಾಡಲಿಕ್ಕಾಗುವುದಿಲ್ಲ. ಎರಡು ವರ್ಷ ಕಾಯುವ ತಾಕತ್ತೂ ಇಲ್ಲ. ಹಣ್ಣು ಸಹಕಾರಿಗೆ ಹಾಕಿದರೆ ಕಾಯುವ ಭಾರ ಸಂಸ್ಥೆಯದ್ದು. 1973ರಲ್ಲಿ ನಮ್ಮಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಇಂಥದ್ದೇ ಅಗತ್ಯದಿಂದ.

ಆದರೆ ಬೆಲೆ? ಹತ್ತು ಎಕರೆಯ ದಂಪತಿ ಹೇಳಿದ್ದು ಹೀಗೆ: ಸಹಕಾರಿಗೆ ಹಾಕಿದರೆ ನಿದ್ದೆ ಬರುತ್ತದೆ, ಸ್ವಂತ ಬಾಟಲಿ ಮಾಡಿದರೆ ದುಡ್ಡು ಬರುತ್ತದೆ. ಹಾಗಾಗಿ ಹಿಂದೆ ಪೂರ್ತಿ ಸಹಕಾರಿಗೆ ಹಾಕುತ್ತಿದ್ದವರು ಈಗ ಅರ್ಧ ಹಣ್ಣನ್ನು ಸ್ವಂತಕ್ಕೆ ಇಟ್ಟುಕೊಳ್ಳುತ್ತಾರೆ. ಮಾರಾಟ ಮನೆಬಾಗಿಲಲ್ಲೇ. ನೋಡಲು ಬಂದವರಿಗೆ ತೋಟ ಸುತ್ತಿಸಿ, ನಾಲ್ಕು ಬಗೆ ವೈನ್ ರುಚಿಗೆ ಕೊಟ್ಟು ತಲೆಗೆ 20 ಯೂರೋ, ಅಂದರೆ ಆಗಿನ ಸುಮಾರು 1,750 ರೂಪಾಯಿ ತೆಗೆದುಕೊಂಡರು. ಬಾಟಲಿ ಕೊಂಡರೆ ಅದರಲ್ಲಿ ಕಡಿತ.

ಖಾಲಿ ಬಿದ್ದ ಒಕ್ಕಲು ಮನೆಗಳಿಗೂ ಜೀವ ಬಂದಿದೆ. 1985ರ ಕಾನೂನು ಕೃಷಿಕರಿಗೆ ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಷರತ್ತು ಒಂದು: ಕೃಷಿಯೇ ಮುಖ್ಯ ಕೆಲಸವಾಗಿ ಉಳಿಯಬೇಕು. ತೋಟ ಹಾಳು ಬಿಟ್ಟು ಲಾಡ್ಜ್ ನಡೆಸುವ ಹಾಗಿಲ್ಲ. ಊಟಕ್ಕೂ ಆದಷ್ಟು ಸ್ವಂತದ್ದು, ಸುತ್ತಲಿನದ್ದು ಬಡಿಸಬೇಕು. ನಾವು ಉಳಿದದ್ದು ಇಂಥ ಮನೆಯಲ್ಲಿ. 'ಪೀಚಿ' ಅಂದರೆ ಗೋಧಿಹಿಟ್ಟಿನ ದಪ್ಪ ಶ್ಯಾವಿಗೆ. ಅದಕ್ಕೆ ಟೊಮೆಟೊ, ಬೆಳ್ಳುಳ್ಳಿಯ ಗೊಜ್ಜು, ಮೇಲಿಂದ ಅವರದ್ದೇ ಆಲಿವ್ ಎಣ್ಣೆ. ಸಸ್ಯಾಹಾರಿಗಳು ಹೊಟ್ಟೆತುಂಬ ಉಣ್ಣಬಹುದು. ರೋಗದಿಂದ ದ್ರಾಕ್ಷಿ ಅರ್ಧ ಹೋದ ವರ್ಷವೂ ಆ ದಂಪತಿಯನ್ನು ಉಳಿಸಿದ್ದು ಎರಡು ಬಾಡಿಗೆ ಕೋಣೆ ಮತ್ತು ಆಲಿವ್.

ಹೋಗುವವರಿಗೆ ನಾಲ್ಕು ಮಾತು

ರೋಮ್-ಫ್ಲಾರೆನ್ಸ್ ರೈಲುದಾರಿಯಲ್ಲಿ ಕಿಯೂಸಿ ನಿಲ್ದಾಣದಲ್ಲಿ ಇಳಿದರೆ ಬಸ್ಸು ಸಿಗುತ್ತದೆ. ಹಳೆ ಊರೊಳಗೆ ಹೊರಗಿನವರ ಕಾರಿಗೆ ಪ್ರವೇಶ ಇಲ್ಲ. ಏರುಬೀದಿ ನಡೆದೇ ಹತ್ತಬೇಕು, ಮೊಣಕಾಲು ಗಟ್ಟಿ ಇರಲಿ. ವೈನ್‌ಮನೆಗಳಿಗೆ ಮೊದಲೇ ತಿಳಿಸಿ ಹೋಗಿ. ಕೊಯ್ಲಿನ ಸಮಯ ನೋಡಲು ಚಂದ, ಆದರೆ ಅವರಿಗೆ ಮಾತಾಡಲು ಪುರುಸೊತ್ತಿಲ್ಲ. ಅಕ್ಟೋಬರ್ ನಡುವಿನ ನಂತರ ಹೋದರೆ ಎರಡೂ ಆಗುತ್ತದೆ.

ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕುಡಿಯದವರು ಪರಿಮಳ ಮಾತ್ರ ನೋಡಿದರೂ ಅವರಿಗೆ ಬೇಜಾರಿಲ್ಲ. ಕಾರು ಓಡಿಸುವವರು ಕುಡಿಯಲೇ ಬೇಡಿ, ಅಲ್ಲಿ ಪೊಲೀಸ್ ತಪಾಸಣೆ ಬಿಗಿ.

ಕೊನೆಯದ್ದು ನಮ್ಮಂಥವರಿಗೇ. ಚೆಂದದ ಬಳ್ಳಿ ಕಂಡರೆ ಒಂದು ಕಡ್ಡಿ ಚೀಲಕ್ಕೆ ಹಾಕುವ ಅಭ್ಯಾಸ ಕೃಷಿಕರಲ್ಲಿ ಯಾರಿಗಿಲ್ಲ? ದಯವಿಟ್ಟು ತರಬೇಡಿ. 1860ರ ದಶಕದಲ್ಲಿ ಅಮೆರಿಕದಿಂದ ತಂದ ಬಳ್ಳಿಗಳ ಜತೆ ಫಿಲಾಕ್ಸೆರ ಎಂಬ ಬೇರಿನ ಹೇನು ಯೂರೋಪಿಗೆ ಬಂತು. ಕೆಲವೇ ದಶಕಗಳಲ್ಲಿ ಲಕ್ಷಾಂತರ ಎಕರೆ ದ್ರಾಕ್ಷಿ ನಾಶವಾಯಿತು. ಇಂದಿಗೂ ಮೊಂಟೆಪುಲ್ಚಾನೊದ ಬಳ್ಳಿಗಳು ಆ ಹೇನನ್ನು ತಡೆಯುವ ಅಮೆರಿಕದ ಬೇರಿನ ಮೇಲೆ ಕಸಿ ಮಾಡಿದವು. ವಿದೇಶದ ಗಿಡ ತರಲು ನಮ್ಮಲ್ಲಿ ಪರವಾನಗಿ, ತಪಾಸಣೆ ಎರಡೂ ಬೇಕು. ನಮ್ಮ ವಿಜಯಪುರದ ಗೆಳೆಯರು ಆ ಸಾಂಜೊವೇಸೆ ಬಳ್ಳಿಯನ್ನು ಐದು ದಿನ ಸವರಿ ನೋಡಿದರು. ತಂದದ್ದು ಮಾತ್ರ ಫೋಟೋ.